ನಾಲ್ಕು ಬೆರಳಿನ ಬೆರಣಿ

ನಾನು ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ನಮ್ಮ ಮನೆಯ ಪಡುವಲ ಗೋಡೆಗೆ ಸುಣ್ಣ ಬಳಿದದ್ದನ್ನೇ ಕಾಣಲಿಲ್ಲ. ಮುಂದಿನ ಗೋಡೆಗೆ ಪ್ರತಿ ಸಂಕ್ರಾಂತಿಗೂ ಸುಣ್ಣ, ಅದರ ಕೆಳಗೆ ಕೆಮ್ಮಣ್ಣಿನ ಪಟ್ಟೆ. ಪಡುವಲ ಗೋಡೆಗೆ ಮಾತ್ರ ಬೆರಣಿ. ಮಧ್ಯಾಹ್ನ ತಿರುಗಿತೆಂದರೆ ಹೊತ್ತು ಮುಳುಗುವವರೆಗೂ ಬಿಸಿಲು ಕಾಯುವ ಗೋಡೆ ಅದು. ಕೈಗೆಟಕುವಷ್ಟು ಎತ್ತರಕ್ಕೂ ಸಾಲಾಗಿ ಬೆರಣಿ, ಒಂದೊಂದರ ಮೇಲೂ ನಾಲ್ಕೇ ಬೆರಳಿನ ಗುರುತು. ಅದು ಕದಿರಮ್ಮನ ಕೈ.

ಕದಿರಮ್ಮ ಶ್ರೀನಿವಾಸಪುರದಾಚೆ ಗೌನಿಪಲ್ಲಿ ಕಡೆಯವಳು, ಮನೆಮಾತು ತೆಲುಗು. ಚಿಕ್ಕಂದಿನಲ್ಲಿ ಮಾವಿನ ಮರದಿಂದ ಬಿದ್ದು ಬಲಗೈ ಕಿರುಬೆರಳು ಒಳಕ್ಕೆ ಮಡಚಿಕೊಂಡದ್ದು ಮತ್ತೆ ನೆಟ್ಟಗಾಗಲೇ ಇಲ್ಲ. ವಕ್ಕಲೇರಿ ಪಕ್ಕದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದಳು. ಮಕ್ಕಳಾಗಲಿಲ್ಲ, ಗಂಡ ಬೇಗ ಹೋದ. ಅಣ್ಣ ಬಂದು ತವರಿಗೆ ಕರೆದಾಗ, "ಅಲ್ಲಿರೋದು ಅತ್ತಿಗೆ ಒಲೆ ಕಣಣ್ಣಾ. ಇಲ್ಲಿರೋದು ನನ್ನ ಒಲೆ" ಎಂದು ಹೇಳಿ ಕಳಿಸಿಬಿಟ್ಟಳಂತೆ. ಇದು ನನಗೆ ನನ್ನ ಅತ್ತೆ ರಾಮಲಕ್ಷ್ಮಮ್ಮನವರು ಹೇಳಿದ್ದು. ಅವಳ ಒಂದಂಕಣದ ಮನೆ ನಮ್ಮ ಪಡುವಲ ಗೋಡೆಗೆ ಎದುರಾಗಿಯೇ ಇತ್ತು.

ಅತ್ತೆಗೂ ಅವಳಿಗೂ ಬಾಯಿಮಾತಿನ ಒಪ್ಪಂದ. ನಮ್ಮ ಕೊಟ್ಟಿಗೆಯ ಕಸಕಡ್ಡಿ, ಗಂಜಲವೆಲ್ಲ ತಿಪ್ಪೆಗೆ. ಸಗಣಿ ಅವಳಿಗೆ, ಗೋಡೆಯೂ ಅವಳಿಗೆ. ಅದಕ್ಕೆ ಬದಲು ನಮ್ಮ ಬಚ್ಚಲ ಹಂಡೆಗೆ ಬೇಕಾದಷ್ಟು ಬೆರಣಿ, ಹಗಲು ಯಾವ ಹೊತ್ತಿನಲ್ಲಿ ಕೇಳಿದರೂ ಕೆಂಡ. ಅವಳ ಒಲೆ ಆರಿದ್ದನ್ನು ಕಂಡವರಿಲ್ಲ. ಮಲಗುವ ಮುಂಚೆ ಬೂದಿಯೊಳಗೆ ಒಂದು ಬೆರಣಿ ಹೂತಿಟ್ಟರೆ ಬೆಳಗಿನವರೆಗೂ ಅದು ಒಳಗೊಳಗೇ ಕಾಯುತ್ತಿತ್ತು. ನಮ್ಮ ಬೀದಿಯ ಹೆಂಗಸರು ಬೆಳಿಗ್ಗೆ ಎದ್ದು ಬೆಂಕಿಕಡ್ಡಿ ಹುಡುಕುತ್ತಿರಲಿಲ್ಲ, ಮುರುಕು ಮಡಕೆಯ ಬೋಕಿ ಹಿಡಿದು ಕದಿರಮ್ಮನ ಬಾಗಿಲಿಗೆ ಹೋಗುತ್ತಿದ್ದರು. ದೀಪ ಹಚ್ಚಿದ ಮೇಲೆ ಮಾತ್ರ ಅವಳು ಕೊಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯ ಕೆಂಡವನ್ನು ಬೇರೆಯವರ ಕೈಗೆ ಕೊಟ್ಟರೆ ಲಕ್ಷ್ಮಿ ಅದರ ಹಿಂದೆಯೇ ಹೊರಟುಹೋಗುತ್ತಾಳೆಂದು ನಮ್ಮ ಕಡೆಯ ನಂಬಿಕೆ.

ಮಿಕ್ಕ ಬೆರಣಿಯನ್ನು ಕುಕ್ಕೆಗೆ ತುಂಬಿ ಕೋಲಾರಕ್ಕೆ ಒಯ್ಯುತ್ತಿದ್ದಳು. ಬಸ್ಸಿನ ಕಂಡಕ್ಟರು ದಿನವೂ ಮೂಗು ಮುಚ್ಚಿಕೊಳ್ಳುವನು.

"ಏನಮ್ಮೋ, ನಮ್ ಬಸ್ಸಿಗೂ ನಾಕು ತಟ್ಟಿಬಿಡು, ಬಿಸಿಲಿಗೆ ಚೆನ್ನಾಗಿ ಒಣಗ್ತದೆ!"

"ತಟ್ತಿದ್ದೆ ಕಣಪ್ಪಾ, ನಿನ್ ಬಸ್ಸು ಒಂದು ಕಡೆ ನೆಟ್ಟಗೆ ನಿಂತ್ರೆ ತಾನೇ? ಗಡಗಡ ಅಂತ ಎಲ್ಲಾ ಉದುರಿಹೋಗ್ತವೆ" ಎಂದು ಇವಳು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಬಸ್ ನಿಲ್ದಾಣದ ಹತ್ತಿರ ಸಣ್ಣದೊಂದು ಹೋಟೆಲು ಇಟ್ಟಿದ್ದ ಮುನಿರಾಮಪ್ಪ ಅವಳ ದೊಡ್ಡ ಗಿರಾಕಿ. ಹಾಲು ಕಾಯಿಸುವ ಒಲೆಗೆ ಅವನು ಸೌದೆ ಇಡುತ್ತಿರಲಿಲ್ಲ, ಹಾಲು ತಳ ಹಿಡಿಯುತ್ತದೆಂದು. ಬೆರಣಿಯ ಮಂದ ಕಾವೇ ಆಗಬೇಕು, ಅದೂ ಕದಿರಮ್ಮನ ಬೆರಣಿಯೇ ಆಗಬೇಕು. ಒಂದನ್ನು ಎತ್ತಿ, ತಿರುಗಿಸಿ, ಬೆರಳು ನೋಡಿ, ಆಮೇಲೆ ಕುಕ್ಕೆ ಇಳಿಸಿಕೊಳ್ಳುತ್ತಿದ್ದ. ಅವಳು ಸಗಣಿಗೆ ಮಣ್ಣು ಬೆರೆಸುವವಳಲ್ಲ. ರಾಗಿ ಹೊಟ್ಟನ್ನು ಹದವಾಗಿ ಕಲಸಿ, ಎಲ್ಲವನ್ನೂ ಒಂದೇ ದಪ್ಪಕ್ಕೆ ತಟ್ಟುವಳು.

ನಮ್ಮ ಯಜಮಾನರು ಚನ್ನರಾಯಪ್ಪನವರು ಬೇರೆ ತರಹದ ಮನುಷ್ಯ. ಹೊಸದು ಯಾವುದು ಬಂದರೂ ಅದು ಮೊದಲು ನಮ್ಮ ಮನೆಗೆ ಬರಬೇಕು. ಊರಿಗೆ ಕರೆಂಟು ಬಂದಾಗ ಮೊದಲ ಬಲ್ಬು ನಮ್ಮ ನಡುಮನೆಯಲ್ಲಿ ಹೊತ್ತಿತು. ಬಾವಿಗೆ ಮೊದಲು ಮೋಟಾರು ಇಳಿಸಿದವರೂ ಅವರೇ. ಕದಿರಮ್ಮ ನಮ್ಮ ಬಲ್ಬಿನ ಕೆಳಗೆ ಅಂಗೈ ಚಾಚಿ ನಿಂತು, "ಬೆಳಕೇನೋ ಐತೆ ಚನ್ನರಾಯಣ್ಣಾ, ಚಳಿ ಕಾಯ್ಸಕ್ಕೆ ಬರಲ್ವಲ್ಲಾ?" ಎಂದಿದ್ದಳು. ಆ ಮಾತು ಅವರಿಗೆ ನಾಟಿಬಿಟ್ಟಿತು. ಮಾಲೂರಿನಿಂದ ದೊಡ್ಡ ದೊಡ್ಡ ಬಲ್ಬುಗಳನ್ನು ತಂದು, ರೇಷ್ಮೆ ಹುಳು ಸಾಕುವ ನಮ್ಮ ಹುಳುಮನೆಯಲ್ಲಿ ತಟ್ಟೆಗಳ ಪಕ್ಕ ತೂಗುಹಾಕಿ, ಅವಳನ್ನು ಕರೆದು ತೋರಿಸಿದರು. "ನೋಡಕ್ಕಾ, ಕರೆಂಟು ಚಳೀನೂ ಕಾಯ್ಸುತ್ತೆ!" ಅವಳು ಒಂದು ಗಳಿಗೆ ನಿಂತು, "ಹೌದಪ್ಪಾ, ಬೆಚ್ಚಗೈತೆ" ಎಂದು ಒಪ್ಪಿಕೊಂಡು ಹೋದಳು. ಇಲ್ಲದ್ದನ್ನು ಇಲ್ಲವೆನ್ನುವಳು, ಇದ್ದದ್ದನ್ನು ಇದೆ ಎನ್ನುವಳು.

ಎಂಬತ್ತರ ಆಚೀಚೆ ಇರಬೇಕು, ಗೋಬರ್ ಗ್ಯಾಸಿನ ಮಾತು ಬಂತು. ಕೊಟ್ಟಿಗೆಯ ಪಕ್ಕ ಬಾವಿಯ ಹಾಗೆ ತೋಡಿ, ಇಟ್ಟಿಗೆ ಕಟ್ಟಿ, ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು. ಸಗಣಿ ಕಲಸಿ ಸುರಿದರೆ ಒಳಗೆ ಗಾಳಿ ಹುಟ್ಟಿ ಡ್ರಮ್ಮು ಮೇಲಕ್ಕೆ ಏಳುತ್ತದೆ, ಆ ಗಾಳಿ ಪೈಪಿನಲ್ಲಿ ಬಂದು ಅಡಿಗೆಮನೆಯಲ್ಲಿ ಉರಿಯುತ್ತದೆ. ಅತ್ತೆ ಮುಖ ಸಿಂಡರಿಸಿದರು.

"ಥೂ, ಸಗಣಿ ಗಾಳೀಲಿ ಅನ್ನ ಬೇಯ್ಸೋದಾ?"

ಗುಂಡಿ ತೋಡುವುದನ್ನು ನೋಡುತ್ತ ನಿಂತಿದ್ದ ಕದಿರಮ್ಮನೇ ನಕ್ಕಳು. "ಇಷ್ಟು ದಿನ ಯಾವುದರಾಗೆ ಬೇಯ್ಸಿದ್ದಕ್ಕಾ? ಬೆರಣಿ ಏನು ಆಕಾಶದಿಂದ ಉದುರ್ತಾ?" ನಕ್ಕು ಮುಗಿದ ಮೇಲೆ ಯಜಮಾನರ ಕಡೆಗೆ ತಿರುಗಿದಳು. "ಅಲ್ಲ ಚನ್ನರಾಯಣ್ಣಾ, ಸಗಣಿಯೆಲ್ಲಾ ಈ ಬಾವಿಗೆ ಹೋದ್ರೆ ನನ್ನ ಗೋಡೆಗೆ?"

ಯಜಮಾನರು ಅದನ್ನು ಯೋಚಿಸಿಯೇ ಇಟ್ಟಿದ್ದರು. "ನೀನ್ಯಾಕೆ ಕೋಲಾರಕ್ಕೆ ಹೊರ್ತೀಯಕ್ಕಾ? ದಿನಾ ಬೆಳಿಗ್ಗೆ ಸಗಣಿ ಕಲಸಿ ಹಾಕಿಕೊಂಡು ಹಾಯಾಗಿರು. ನಿನ್ನ ಊಟ ನಮ್ಮನೇಲಿ."

"ನಿಮ್ಮ ಒಲೇಲಿ ಉಣ್ಣಕ್ಕೆ ನಮ್ಮಣ್ಣನ ಮನೆ ಏನು ಪಾಪ ಮಾಡಿತ್ತು?" ಎಂದಳು. ಕೋಪವಿರಲಿಲ್ಲ ಮಾತಿನಲ್ಲಿ. ಆಮೇಲೆ ತಾನೇ ಸವಾಲು ಹಾಕಿದಳು, "ಒಂದು ಪಂದ್ಯ ಕಟ್ಟಣ. ಸಂಕ್ರಾಂತಿವರೆಗೂ ನಿನ್ನ ಗ್ಯಾಸು, ನಿನ್ನ ಕರೆಂಟು ಎರಡರಲ್ಲೇ ಸಂಸಾರ ನಡೆಸು. ಅಷ್ಟರೊಳಗೆ ನನ್ನ ಹತ್ರ ಕೆಂಡ ಕೇಳಲಿಲ್ಲ ಅಂದ್ರೆ ನೀನೇ ಗೆದ್ದೆ. ಕುಕ್ಕೆ ಎತ್ಕೊಂಡು ಗೌನಿಪಲ್ಲಿಗೆ ಹೋಗ್ತೀನಿ. ಕೇಳಿದೆಯೋ, ಸಗಣಿ ಮೊದಲಿನ ಹಾಗೆ ನನ್ನ ಗೋಡೆಗೆ."

"ಯಾರು ತೀರ್ಪು ಹೇಳೋರು?"

"ರಾಮಲಕ್ಷ್ಮಕ್ಕ."

ಅತ್ತೆ ಎಲೆಅಡಿಕೆ ಉಗಿದು, "ಆಯ್ತು, ಹೇಳ್ತೀನಿ" ಎಂದರು.

ದೀಪಾವಳಿ ಕಳೆದ ಮೇಲೆ ಗ್ಯಾಸು ಹೊತ್ತಿತು. ನಾನು ಇದ್ದ ಮಾತು ಹೇಳಬೇಕು, ಆ ನೀಲಿ ಉರಿಯನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಕಣ್ಣುರಿ ಇಲ್ಲ, ಊದುಗೊಳವೆ ಇಲ್ಲ, ಪಾತ್ರೆಯ ತಳ ಬೆಳ್ಳಗೇ ಇರುತ್ತಿತ್ತು. ಕಾಫಿ ಅನ್ನುವುದರೊಳಗೆ ಕಾಫಿ. ಅತ್ತೆಯೂ ಮೂರು ದಿನ ಬೈದುಕೊಂಡು ನಾಲ್ಕನೆಯ ದಿನ ತಾವೇ ಹಾಲಿಟ್ಟರು. ಮುದ್ದೆಯ ವಿಷಯದಲ್ಲಿ ಮಾತ್ರ ಗ್ಯಾಸು ಸೋತಿತು. ಕೋಲು ಹಾಕಿ ತಿರುವಿದರೆ ಆ ತೆಳ್ಳನೆಯ ಒಲೆ ಗಡಿಗೆಯ ಸಮೇತ ಅಡಿಗೆಮನೆಯೆಲ್ಲ ಸುತ್ತುತ್ತಿತ್ತು. ಅದಕ್ಕೆ ಮುದ್ದೆ ಹಳೆಯ ಒಲೆಯಲ್ಲೇ, ಹಿಪ್ಪುನೇರಳೆ ಕಡ್ಡಿಯ ಉರಿಯಲ್ಲಿ.

ಆದರೆ ಕಡ್ಡಿಯ ಉರಿಯಲ್ಲಿ ಕೆಂಡ ನಿಲ್ಲುವುದಿಲ್ಲ. ಗ್ಯಾಸಿನಲ್ಲಂತೂ ಕೆಂಡವೇ ಇಲ್ಲ. ಶುಕ್ರವಾರ ಅತ್ತೆ ಸಾಂಬ್ರಾಣಿ ಹಿಡಿದು ಕೆಂಡಕ್ಕಾಗಿ ಸುತ್ತ ನೋಡಿದರು. ಯಜಮಾನರು ಬಿಡುತ್ತಾರೆಯೇ? ಒಂದು ತೆಂಗಿನ ಚಿಪ್ಪನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿ, ಅದನ್ನೇ ಕೆಂಡ ಮಾಡಿ, ಕದಿರಮ್ಮನಿಗೆ ಕಾಣುವ ಹಾಗೆ ಹಿತ್ತಲ ಬಾಗಿಲವರೆಗೂ ಧೂಪ ಹಾಕಿದರು.

"ಚಿಪ್ಪಿನ ಕೆಂಡಾನಾ? ಇರಲಿ ಬಿಡಣ್ಣಾ, ತಲೆ ಐತೆ ನಿಂಗೆ" ಎಂದು ಆಕೆ ಅಲ್ಲಿಂದಲೇ ಕೂಗಿದಳು.

ಅವಳ ಗೋಡೆ ದಿನದಿನಕ್ಕೂ ಬೋಳಾಯಿತು. ದಾರಿಯ ಸಗಣಿ ಆಯ್ದು ತಂದರೆ ಎಷ್ಟು ತಾನೇ ಬಂದೀತು? ಡ್ರಮ್ಮಿನಿಂದ ಹೊರಬಿದ್ದ ಬಗ್ಗಡವನ್ನೂ ಕೇಳಿ ತೆಗೆದುಕೊಂಡು ತಟ್ಟಿ ನೋಡಿದಳು. ಗೋಡೆಯ ಮೇಲೆ ನಿಲ್ಲದೆ ಇಳಿದುಹೋಯಿತು. ನೆಲದ ಮೇಲೆ ಒಣಗಿಸಿದರೆ ಒಲೆಯಲ್ಲಿ ಬರೀ ಹೊಗೆ. "ಸಾರವೆಲ್ಲಾ ಗ್ಯಾಸು ಕುಡಿದುಬಿಟ್ಟೈತೆ, ಇದು ಗೊಬ್ಬರಕ್ಕೇ ಸರಿ" ಎಂದು ಕೈತೊಳೆದುಕೊಂಡಳು. ಅವಳ ಮನೆಯ ಮೂಲೆಯಲ್ಲಿ ಹಳೆಯ ಬೆರಣಿಯ ಒಂದು ಒಟ್ಟಲು ಉಳಿದಿತ್ತು, ಅಷ್ಟೆ. ಮುನಿರಾಮಪ್ಪನಿಗೆ ಅದರಲ್ಲೇ ಸ್ವಲ್ಪ ಸ್ವಲ್ಪ ಒಯ್ಯುತ್ತಿದ್ದಳು. ಸಂಕ್ರಾಂತಿ ಹತ್ತಿರ ಬಂದ ಹಾಗೆಲ್ಲ ನಾನು ಆ ಬೋಳು ಗೋಡೆಯನ್ನೇ ನೋಡುತ್ತಿದ್ದೆ. ನನಗೆ ಗ್ಯಾಸೂ ಬೇಕು, ಕದಿರಮ್ಮನೂ ಬೇಕು. ಅತ್ತೆಯ ಹತ್ತಿರ ಅಂದದ್ದಕ್ಕೆ, "ನಂಗೇನು ಬೇಡ್ವಾ? ಸುಮ್ನಿರೇ" ಎಂದರು.

ಧನುರ್ಮಾಸದಲ್ಲಿ ಹುಳು ಬೆಳೆದಿತ್ತು. ರೇಷ್ಮೆ ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಮಳೆ ಸುರಿದ ಸದ್ದಿನಲ್ಲಿ ಸೊಪ್ಪು ತಿನ್ನಬೇಕು, ಗೂಡು ಕಟ್ಟುವ ಶಕ್ತಿ ಬರುವುದೇ ಆಗ. ಸರಿಯಾಗಿ ಅದೇ ಹೊತ್ತಿಗೆ ಮದ್ರಾಸಿನ ಕಡೆ ತೂಫಾನೆಂದು ನಮ್ಮಲ್ಲಿ ಜಡಿಮಳೆ ಹಿಡಿಯಿತು. ಗಾಳಿಗೆ ಎಲ್ಲೋ ಕಂಬ ಮಲಗಿ ಬೆಳಿಗ್ಗೆಯೇ ಕರೆಂಟು ಹೋಯಿತು. ಹುಳುಮನೆಯ ಬಲ್ಬುಗಳು ಆರಿದವು. ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳಲ್ಲಿ ಸದ್ದಿಲ್ಲ. ಹಾಕಿದ ಸೊಪ್ಪು ಹಾಕಿದ ಹಾಗೇ ಇದೆ, ಹುಳು ಅದರ ಮೇಲೆ ಸುಮ್ಮನೆ ಬಿದ್ದಿವೆ.

ಯಜಮಾನರು ಧೈರ್ಯಗೆಡಲಿಲ್ಲ. "ಕರೆಂಟು ಹೋದ್ರೆ ಗ್ಯಾಸು ಐತಲ್ಲಾ! ಹುಳುಮನೆವರೆಗೂ ಪೈಪ್ ಎಳೀತೀನಿ. ಅಲ್ಲೇ ಹಂಡೆ ನೀರು ಕಾಯ್ಸಿದ್ರೆ ರೂಮು ಬೆಚ್ಚಗಾಗ್ತದೆ" ಎಂದರು. ಡ್ರಮ್ಮಿನ ನಲ್ಲಿ ಮುಚ್ಚಿ ಅಡಿಗೆಮನೆಯ ಪೈಪನ್ನು ಬಿಚ್ಚಿದರು. ಹೊಸ ಪೈಪು ತರಲು ಗೋಣಿಕೊಪ್ಪೆ ಹಾಕಿಕೊಂಡು ಕೋಲಾರಕ್ಕೆ ಹೊರಟರು. ಹೋಗುವಾಗ ಬೀದಿಯಿಂದಲೇ ಕೂಗಿದರು.

"ಅಮ್ಮಾ, ನಾನು ಬರೋವರೆಗೂ ಗ್ಯಾಸ್ ತೆಗ್ದಿರು!"

ನಮ್ಮ ಕಡೆ ಲೈಟು ತೆಗಿ ಎಂದರೆ ಆರಿಸು ಎಂದರ್ಥ. ಬಾಗಿಲು ತೆಗಿ, ನಲ್ಲಿ ತೆಗಿ ಎಂದರೆ ಬಿಡು ಎಂದರ್ಥ. ಯಜಮಾನರ ಬಾಯಲ್ಲಿ ಗ್ಯಾಸು ಲೈಟಿನ ಜಾತಿ, ಆರಿಸಿಯೇ ಇಡು ಎಂದು. ಅತ್ತೆಯ ಕಣ್ಣಿಗೆ ಕಂಡದ್ದು ಡ್ರಮ್ಮಿನ ಹಿತ್ತಾಳೆ ನಲ್ಲಿ. ಕೊಡೆ ಹಿಡಿದುಕೊಂಡು ಹೋಗಿ ಅದನ್ನು ಪೂರ್ತಿ ತಿರುಗಿಸಿ, ತೆಗೆದಿಟ್ಟು, ಒಳಗೆ ಬಂದು ಕೂತರು. ನಾನು ಹುಳುಮನೆಯಲ್ಲಿ ಸೊಪ್ಪು ಬದಲಾಯಿಸುತ್ತಿದ್ದೆ. ಮಳೆಯ ಸದ್ದಿನಲ್ಲಿ ಗ್ಯಾಸು ಸೋರುವ ಸದ್ದು ಯಾರಿಗೆ ಕೇಳಬೇಕು?

ಯಜಮಾನರು ಪೈಪು ಹೊತ್ತು ಬರುವಾಗ ಸಂಜೆಯಾಗಿತ್ತು, ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಹಿತ್ತಲಿನಿಂದ ದೊಡ್ಡ ಕೂಗು ಬಂತು. ಓಡಿ ಹೋಗಿ ನೋಡಿದರೆ ಡ್ರಮ್ಮು ಬಾವಿಯ ತಳಕ್ಕೆ ಕೂತುಬಿಟ್ಟಿದೆ.

"ತೆಗ್ದಿರು ಅಂದ್ನಲ್ಲಮ್ಮಾ!"

"ತೆಗ್ದೇ ಇದೀನಲ್ಲಪ್ಪಾ, ನೋಡು, ಪೂರ್ತಿ ತೆಗ್ದಿದೀನಿ!"

ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು. ಮೋಡ ಮುಚ್ಚಿದ ಚಳಿಯಲ್ಲಿ ಆ ಡ್ರಮ್ಮು ಮತ್ತೆ ಏಳಬೇಕಾದರೆ ದಿನಗಳೇ ಬೇಕು. ಕರೆಂಟಿನ ಸುಳಿವಿಲ್ಲ. ಹುಳು ಕೈಗೆ ತಣ್ಣಗೆ ಹತ್ತುತ್ತಿದ್ದವು. ಹಸಿ ಕಡ್ಡಿ ಹಾಕಿ ಒಲೆ ಹೂಡಿದರೆ ಹೊಗೆಗೆ ಹುಳು ಸಾಯುತ್ತವೆ.  ಯಜಮಾನರೇ ಎದ್ದು, ಪಂಚೆ ಕೊಡವಿಕೊಂಡು, ಕದಿರಮ್ಮನ ಬಾಗಿಲಿಗೆ ಹೋದರು. ನಾನೂ ಅತ್ತೆಯೂ ಹಿತ್ತಲ ಬಾಗಿಲಲ್ಲಿ ನಿಂತೆವು. ನಡುವೆ ಇರುವುದು ಒಂದು ಓಣಿ, ಮಾತೆಲ್ಲ ಕೇಳುತ್ತಿತ್ತು.

"ಏನಣ್ಣಾ, ಮಳೇಲಿ?"

"ಏನಿಲ್ಲಕ್ಕಾ. ಮಾತಾಡಿಸ್ಕೊಂಡು ಹೋಗಣ ಅಂತ."

"ಮಾತಾಡಿಸ್ದೆಯಲ್ಲಾ, ಒಳ್ಳೇದಾಯ್ತು. ಹೋಗ್ಬಿಟ್ಟು ಬಾ."

ಯಜಮಾನರು ಹೋಗಲಿಲ್ಲ. ಸೂರಿನ ನೀರು ಹೆಗಲ ಮೇಲೆ ಬೀಳುತ್ತಿದ್ದರೂ ಹಾಗೇ ನಿಂತಿದ್ದರು. ಕೊನೆಗೆ ಕೆಮ್ಮಿ, ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಿಟ್ಟರೆ ಎಂದೂ ಆಡದ ತೆಲುಗಿನಲ್ಲಿ, "ಕೊಂಚಂ ನಿಪ್ಪು ಕಾವಾಲ" ಎಂದರು.

ಸ್ವಲ್ಪ ನಿಪ್ಪು ಬೇಕು ಎಂದು, ನಿಪ್ಪು ಎಂದರೆ ತೆಲುಗಿನಲ್ಲಿ ಬೆಂಕಿ. ಕದಿರಮ್ಮ ಗೊಳ್ಳೆಂದು ನಕ್ಕಳು. "ಅಯ್ಯೋ ದೇವುಡಾ! ಕೆಂಡ ಅನ್ನಬಾರದು ಅಂತ ನಿಪ್ಪು ಅಂತೀಯೇನಪ್ಪಾ? ತೆಲುಗಿನಾಗೂ ಸುಡ್ತದೆ ಕಣೋ ಅದು!"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಯಜಮಾನರೂ ನಕ್ಕುಬಿಟ್ಟರು. ಆಮೇಲೆ ಮೆಲ್ಲಗೆ, "ಹುಳು ಮೇವು ಬಿಟ್ಟಿವೆ ಕದಿರಕ್ಕಾ" ಎಂದರು.

ಅವಳ ನಗು ಅಲ್ಲಿಗೇ ನಿಂತಿತು. "ದೀಪ ಹಚ್ಚಿದ ಮೇಲೆ ಕೆಂಡ ಯಾರ ಕೈಗೂ ಕೊಡಲ್ಲ ನಾನು. ನಿಂಗೂ ಗೊತ್ತು" ಎಂದಳು. ಯಜಮಾನರು ಮುಖ ತಗ್ಗಿಸಿದರು. "ಕೊಡಲ್ಲ ಅಂದೆ ಕಣಣ್ಣಾ, ಬರಲ್ಲ ಅನ್ನಲಿಲ್ಲ. ನನ್ನ ಕೆಂಡ ನನ್ನ ಕೈಲೇ ಇರ್ತದೆ, ನಾನು ನಿಮ್ಮ ಹುಳುಮನೇಲಿ ಇರ್ತೀನಿ. ನಡಿ."

ಮೂಲೆಯ ಒಟ್ಟಲನ್ನೆಲ್ಲ ತನ್ನ ಸೂರಿನ ಕೆಳಗೆ ಇಳಿಸಿದಳು. ಕೆಂಡ ಹಾಕುವ ಎರಡು ದೊಡ್ಡ ಮಣ್ಣಿನ ಕುಂಪಟಿಗಳಲ್ಲಿ ಬೆರಣಿ ಪೇರಿಸಿ, ಹೊರಗೇ ಹೊತ್ತಿಸಿ, ಹೊಗೆ ಪೂರ್ತಿ ಸತ್ತು ಬರೀ ಕೆಂಪು ಉಳಿಯುವವರೆಗೂ ಕಾದಳು. ಮೇಲೆ ಬೂದಿ ಹೊದಿಸಿದಳು. ಆಮೇಲೆ ಒಂದೊಂದನ್ನೇ ತಾನೇ ಹೊತ್ತು ತಂದು ತಟ್ಟೆಗಳ ಎರಡು ಕಡೆ ಇಟ್ಟಳು. ನಾನು ಕೈಚಾಚಿದರೆ, "ಮುಟ್ಟಬೇಡ ಅಮ್ಮಣ್ಣಿ, ನನ್ನ ಲಕ್ಷ್ಮಿ" ಎಂದು ರೇಗಿಸಿದಳು. ಕಿಟಕಿಯನ್ನು ಒಂದು ಬೆರಳು ಸಂದಿ ಬಿಟ್ಟು ಮುಚ್ಚಿಸಿ, ಕುಂಪಟಿಯ ಪಕ್ಕ ಗೋಣಿ ಹಾಕಿಕೊಂಡು ಕೂತಳು. ಉರಿ ಜಾಸ್ತಿಯಾದರೆ ಬೂದಿ, ಕಡಿಮೆಯಾದರೆ ಹೊರಗೆ ಹೋಗಿ ಹೊಸ ಕೆಂಡ. ಗ್ಯಾಸು ಬಂದಂದಿನಿಂದ ಒಂದೊಂದೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದ ಬೆರಣಿಯನ್ನು ಹಿಂದುಮುಂದು ನೋಡದೆ ಸುಟ್ಟಳು.

ನಮ್ಮ ಊಟ ಮುಗಿಯುವ ಹೊತ್ತಿಗೆ ತಟ್ಟೆಗಳಿಂದ ಸರಸರ ಸದ್ದು ಎದ್ದಿತು. ಯಜಮಾನರು ಕೈ ತೊಳೆಯದೆ ಹುಳುಮನೆಯ ಬಾಗಿಲಿಗೆ ಹೋಗಿ ನಿಂತರು. ಒಳಗಿನಿಂದ ಕದಿರಮ್ಮ, "ಕೇಳಿಸ್ತಾ? ಸೊಪ್ಪು ತಾ" ಎಂದಳು.

ಎರಡು ದಿನ ಬಿಟ್ಟು ಕರೆಂಟು ಬಂತು, ಬಿಸಿಲೂ ಬಂತು. ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದವು. ಆಮೇಲೆ ಜಗುಲಿಯ ಮೇಲೆ ಪಂದ್ಯದ ಮಾತು ಎದ್ದಿತು. ಕದಿರಮ್ಮನ ಮೂಲೆಯಲ್ಲಿ ಆಗ ಒಂದು ಬೆರಣಿಯೂ ಇರಲಿಲ್ಲ. ಮೊದಲು ಬಾಯಿ ತೆಗೆದವರು ಯಜಮಾನರೇ. "ಕೇಳ್ದೆ ನಾನು. ಸೋತೆ. ಸಗಣಿ ಅವಳಿಗೆ" ಎಂದರು.

"ನಾನು ಕೊಡಲಿಲ್ಲವಲ್ಲಣ್ಣಾ, ಹೆಂಗೆ ಸೋಲ್ತೀಯ?" ಎಂದಳು ಅವಳು.

ಅತ್ತೆ ಕೈ ಎತ್ತಿದರು. "ತೀರ್ಪು ನಂದು, ಇಬ್ಬರೂ ಬಾಯ್ಮುಚ್ಚಿ. ಪಂದ್ಯ ಇದ್ದದ್ದು ಕೆಂಡದ ಮೇಲೆ. ಇವನು ಕೇಳಿದ್ದು ನಿಪ್ಪು, ಕೆಂಡ ಅಲ್ಲ. ಅವಳು ಕೆಂಡ ಕೊಡಲೇ ಇಲ್ಲ, ಹೊತ್ಕೊಂಡು ಬಂದು ಕಾದಳು. ಹಂಗಾಗಿ ಗೆದ್ದೋರೂ ಇಲ್ಲ, ಸೋತೋರೂ ಇಲ್ಲ. ಬೆಳಿಗ್ಗೆ ಸಗಣಿ ಡ್ರಮ್ಮಿಗೆ, ಸಂಜೆ ಸಗಣಿ ಗೋಡೆಗೆ."

"ಸಂಜೇದು ಕಮ್ಮಿ ಕಣಕ್ಕಾ" ಎಂದು ಕದಿರಮ್ಮ ರಾಗ ಎಳೆದಳು.

"ಕಮ್ಮಿ ಆದ್ರೆ ಗಟ್ಟಿ. ಗೋಡೆಗೆ ಗಟ್ಟೀನೇ ಬೇಕು ಅಂತ ನೀನೇ ತಾನೇ ಹೇಳೋದು?"

ಕದಿರಮ್ಮ ಗೌನಿಪಲ್ಲಿಗೆ ಹೋಗಲಿಲ್ಲ. ಆ ವರ್ಷದ ಸಂಕ್ರಾಂತಿಗೂ ಪಡುವಲ ಗೋಡೆಗೆ ಸುಣ್ಣ ಬೀಳಲಿಲ್ಲ. ಯಜಮಾನರು ಮುಂದೆ ಇನ್ನೊಂದು ಸೀಮೆಹಸು ಕಟ್ಟಿದರು, ಗೋಡೆಯೂ ತುಂಬಿತು, ಡ್ರಮ್ಮೂ ಏಳುತ್ತಿತ್ತು. ಅವಳ ಮನೆಗೂ ಸರ್ಕಾರದವರು ಒಂದು ಬಲ್ಬು ಹಾಕಿಕೊಟ್ಟರು. ಅದರ ಬೆಳಕಿನಲ್ಲಿ, ತನ್ನ ಒಲೆಯ ಮುಂದೆ, ತಾನೇ ಬೇಯಿಸಿದ್ದನ್ನು ಕಡೆಯವರೆಗೂ ಉಂಡಳು. ಒಂದು ದಿನ ನಾನು ಅತ್ತೆಯನ್ನು ಕೇಳಿದೆ, "ಆವತ್ತು ಗ್ಯಾಸು ನಿಜವಾಗ್ಲೂ ಗೊತ್ತಿಲ್ಲದೆ ಬಿಟ್ರಾ ಅತ್ತೆ?" ಎಂದು. "ತೆಗಿ ಅಂದ, ತೆಗ್ದೆ" ಎಂದು ಅಡಿಕೆ ಕತ್ತರಿಸುವುದಕ್ಕೆ ಕೂತರು. ತುಟಿಯ ಕೊನೆಯಲ್ಲಿ ಮಾತ್ರ ನಗು ಇತ್ತು.

ಒಂದು ಬೇಸಿಗೆ ಅಣ್ಣನ ಮಗಳ ಮದುವೆಗೆ ಅಂತ ಕದಿರಮ್ಮ ತವರಿಗೆ ಹೋದಳು. ಮಾವಿನ ಕಾಲ, ಬೇಗ ಬರುವುದಿಲ್ಲವೆಂದು ಗೊತ್ತಿತ್ತು. "ಮುನಿರಾಮಪ್ಪನಿಗೆ ಬೆರಣಿ ತಪ್ಪಬಾರದು ಅಮ್ಮಣ್ಣಿ, ನೀನು ತಟ್ಟು" ಎಂದು ಸಗಣಿ ಬುಟ್ಟಿ ನನ್ನ ಮುಂದಿಟ್ಟು ಹೋದಳು. ಅವಳು ಹೇಳಿದ ಹಾಗೇ ಹೊಟ್ಟು ಕಲಸಿ, ಅದೇ ದಪ್ಪಕ್ಕೆ ತಟ್ಟಿ, ಮೊದಲ ಕುಕ್ಕೆಯನ್ನು ಕೋಲಾರಕ್ಕೆ ಒಯ್ದೆ. ಮುನಿರಾಮಪ್ಪ ಒಂದನ್ನು ಎತ್ತಿ ತಿರುಗಿಸಿದ.

"ಐದು ಬೆರಳು ಐತಲ್ಲಮ್ಮಾ. ಇದು ಕದಿರಮ್ಮಂದಲ್ಲ."

"ಅದೇ ಸಗಣಿ, ಅದೇ ಗೋಡೆ ಕಣಪ್ಪಾ."

"ಇರಬಹುದು. ನನ್ನ ಹಾಲು ಒಪ್ಪಬೇಕಲ್ಲ?" ಎಂದು ಅರ್ಧ ಇಳಿಸಿಕೊಂಡು ಅರ್ಧ ವಾಪಸು ಕೊಟ್ಟ.

ಮರುದಿನದಿಂದ ನಾನು ಕಿರುಬೆರಳು ಮಡಚಿಕೊಂಡು ತಟ್ಟಿದೆ. ಮುಂದಿನ ಕುಕ್ಕೆ ನೋಡಿ ಅವನು, "ಬಂದಳಾ ಕದಿರಮ್ಮ?" ಎಂದ. ನಾನು ತಲೆ ಆಡಿಸಿದೆ. ಪೂರ್ತಿ ಇಳಿಸಿಕೊಂಡ. ಹಾಲೂ ತಳ ಹಿಡಿಯಲಿಲ್ಲವಂತೆ.

ಕದಿರಮ್ಮ ಮಾವಿನಹಣ್ಣಿನ ಬುಟ್ಟಿ ಹೊತ್ತು ಬಸ್ಸಿನಿಂದ ಇಳಿದು ಬಂದವಳು ಮನೆಯ ಬೀಗ ತೆಗೆಯುವ ಮೊದಲು ಗೋಡೆಯ ಮುಂದೆ ನಿಂತಳು. ನಾನು ಹಿತ್ತಲಲ್ಲಿ ನಿಂತು ನೋಡುತ್ತಿದ್ದೆ. ಒಂದು ಬೆರಣಿಯ ಮೇಲೆ ತನ್ನ ಕೈಯಿಟ್ಟು ನೋಡಿದಳು. ಗುರುತಿಗೆ ಕೈ ಕೂರಲಿಲ್ಲ. ಇನ್ನೊಂದರ ಮೇಲೆ ಇಟ್ಟಳು. ಆಮೇಲೆ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಮ್ಮಣ್ಣೀ! ಬೆರಳೇನೋ ಮಡಚಿದೀಯ, ಸರಿ. ನನ್ನದು ಬಲಗೈ ಕಣೇ! ನೀನು ಎಡಚಿ, ಎಲ್ಲಾ ಎಡಗೈಲಿ ತಟ್ಟಿದೀಯ!"

ಗೋಡೆಯ ಉದ್ದಕ್ಕೂ ಹೆಬ್ಬೆರಳುಗಳೆಲ್ಲ ಅವಳ ಹೆಬ್ಬೆರಳಿಗೆ ಎದುರು ದಿಕ್ಕಿಗೆ ತಿರುಗಿ ನಿಂತಿದ್ದವು. ಮುನಿರಾಮಪ್ಪನಿಗೂ ಕಂಡಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕದಿರಮ್ಮ ಸೆರಗು ಸಿಕ್ಕಿಸಿ, ಆ ಸಂಜೆಯ ಸಗಣಿಯಲ್ಲಿ ಒಂದು ಮುದ್ದೆ ತೆಗೆದುಕೊಂಡು, ನನ್ನ ಸಾಲಿನ ಪಕ್ಕದಲ್ಲೇ ರಪ್ಪೆಂದು ತಟ್ಟಿದಳು.